ಬಾಡಿಗೆ ಮನೆಗೆ ಕೇಳಿದ ಒಂಬತ್ತು ಕಾಗದ

2025ರ ಬೇಸಿಗೆ ರಜೆಯಲ್ಲಿ ನಾವು ಮನೆ ಬದಲಿಸಬೇಕಾಯಿತು. ತುಮಕೂರಿನ ಎಸ್.ಎಸ್. ಪುರಂನಲ್ಲಿ ಹತ್ತು ವರ್ಷ ಇದ್ದ ಮನೆಯನ್ನು ಮಾಲೀಕರ ಮಗ ಕೆಡವಿ ಮೂರು ಅಂತಸ್ತು ಕಟ್ಟಿಸುವವರಿದ್ದರು. ಮನೆಯಲ್ಲಿ ಅಮ್ಮ, ನಾನು, ಹೈಸ್ಕೂಲಿಗೆ ಹೋಗುವ ಮಗ, ಮೂರೇ ಜನ. ಎರಡು ವಾರ ಬಿಸಿಲಿನಲ್ಲಿ ಅಲೆದ ಮೇಲೆ ಬಟವಾಡಿಯ ಒಂದು ಒಳಬೀದಿಯಲ್ಲಿ ಮೊದಲ ಮಹಡಿಯ ಮನೆ ಹಿಡಿಸಿತು. ಗಾಳಿ ಬೆಳಕು ಚೆನ್ನಾಗಿತ್ತು, ಸಂಪಿನಲ್ಲಿ ನೀರಿತ್ತು, ಬಾಡಿಗೆ 13,000 ಎಂದರು. ಮಾಲೀಕರು ಬೆಂಗಳೂರಿನವರು. ಮನೆ ತೋರಿಸಿದವರು ಅವರ ಪರವಾಗಿ ಮನೆ ನೋಡಿಕೊಳ್ಳುವ ಮ್ಯಾನೇಜರ್, ಮೂವತ್ತರ ಆಸುಪಾಸಿನ ಚುರುಕು ಯುವಕ. ಇಂಥ ಮೂವತ್ತು ನಲವತ್ತು ಮನೆಗಳ ಕೀಲಿಗೊಂಚಲು ತಮ್ಮ ಸ್ಕೂಟರಿನ ಡಿಕ್ಕಿಯಲ್ಲಿದೆಯೆಂದು ಅವರೇ ಹೇಳಿಕೊಂಡರು.

ನಮ್ಮ ಊರಿಗೆ ಈ ಕಸುಬು ಹೊಸದು. ವಸಂತನರಸಾಪುರದ ಕಾರ್ಖಾನೆಗಳಿಗೆ ಹೊರಗಿನಿಂದ ಬರುವ ಜನ ಹೆಚ್ಚಿದರು, 2023ರಲ್ಲಿ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು, ಇಲ್ಲಿ ಮನೆ ಕಟ್ಟಿಸಿದವರ ಮಕ್ಕಳು ಬೆಂಗಳೂರಿನಲ್ಲಿ ನೆಲೆ ನಿಂತರು. ಹೀಗೆ ಮಾಲೀಕರಿಗೂ ಬಾಡಿಗೆದಾರರಿಗೂ ನಡುವೆ ಮೂರನೆಯವರೊಬ್ಬರಿಗೆ ಜಾಗ ಹುಟ್ಟಿಕೊಂಡಿತು. ಆ ಮೂರನೆಯವರಿಂದ ಅದೇ ಸಂಜೆ ನನ್ನ ವಾಟ್ಸಾಪಿಗೆ ಒಂದು ಪಟ್ಟಿ ಬಂತು.

ನನ್ನ ಆಧಾರ್, ಎರಡೂ ಬದಿ. ಪ್ಯಾನ್. ಕಾಲೇಜಿನ ಗುರುತಿನ ಚೀಟಿ. ಮೂರು ತಿಂಗಳ ಸಂಬಳದ ಚೀಟಿ. ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್. ಮನೆಯಲ್ಲಿರುವ ಎಲ್ಲರ ಆಧಾರ್. ಯಜಮಾನರ ಆಧಾರ್. ಹಿಂದಿನ ಮನೆಯ ಮಾಲೀಕರ ಫೋನ್ ನಂಬರು. ಕೊನೆಗೆ ಭರ್ತಿ ಮಾಡಿ ಕಳಿಸಬೇಕಾದ ಒಂದು ಪುಟದ ಫಾರ್ಮು; ಅದರಲ್ಲಿ ಧರ್ಮ, ಜಾತಿ, ಊಟದ ಪದ್ಧತಿ ಎಂಬ ಮೂರು ಅಂಕಣಗಳು. ಒಟ್ಟು ಒಂಬತ್ತು. ಯಜಮಾನರಿಲ್ಲ, ನನಗೆ ವಿಚ್ಛೇದನವಾಗಿ ಆರು ವರ್ಷವಾಯಿತು ಎಂದು ಉತ್ತರಿಸಿದೆ. ಅರೆಗಳಿಗೆಯಲ್ಲಿ ಮರುಸಂದೇಶ ಬಂತು: "ಓಕೆ ಮೇಡಂ, ಹಾಗಾದ್ರೆ ಡೈವೋರ್ಸ್ ಆರ್ಡರ್ ಕಾಪಿ ಕಳಿಸ್ಬಿಡಿ."

ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ ಎದ್ದು ಹೋಗಿ ಕಾಫಿ ಮಾಡಿಕೊಂಡೆ. ಕೋಪ ಬಂತೆಂದರೆ ಅರ್ಧ ಸತ್ಯ. ಅದಕ್ಕಿಂತ ಮೊದಲು ಬಂದದ್ದು ಕಳಿಸಿಬಿಡೋಣ ಎಂಬ ಯೋಚನೆ. ಮನೆ ಚೆನ್ನಾಗಿದೆ, ಅಮ್ಮನ ಮಂಡಿನೋವಿಗೆ ಇನ್ನಷ್ಟು ಮನೆಗಳ ಮೆಟ್ಟಿಲು ಹತ್ತಿಸುವುದು ಬೇಡ, ಆ ಹುಡುಗನಿಗೆ ಅದನ್ನು ಓದುವ ಪುರುಸೊತ್ತಾದರೂ ಎಲ್ಲಿದೆ ಎಂದುಕೊಂಡೆ. ಕೇಳಿದ್ದನ್ನೆಲ್ಲ ಕೊಟ್ಟುಬಿಡುವ ನಮ್ಮ ಅಭ್ಯಾಸದ ಹಿಂದೆ ಇಂಥ ದಣಿವೇ ಹೆಚ್ಚಾಗಿ ಇರುತ್ತದೆ.

ಮನೆ ಕೊಡುವವರು ಪ್ರಶ್ನೆ ಕೇಳುವುದು ಹೊಸದೇನಲ್ಲ. ನನ್ನ ತಂದೆ ಪ್ರಾಥಮಿಕ ಶಾಲೆಯ ಮೇಷ್ಟ್ರು. ತೊಂಬತ್ತರ ದಶಕದಲ್ಲಿ ಗುಬ್ಬಿ ಗೇಟಿನ ಹತ್ತಿರ ಮನೆ ಕೇಳಲು ಹೋದಾಗ ಮಾಲೀಕಳಾದ ಅಜ್ಜಿ ಜಗುಲಿಯ ಮೇಲೆ ಕೂತು ಅವರನ್ನು ಅರ್ಧ ಗಂಟೆ ವಿಚಾರಿಸಿದ್ದರು. ಯಾವ ಊರು, ಯಾರ ಮಗ, ಯಾವ ಜನ, ಹೆಂಡತಿಯ ತವರು ಯಾವುದು, ಮನೆಗೆ ಬಂದುಹೋಗುವವರು ಎಷ್ಟು ಜನ. ಎಳೆಯಳಾಗಿದ್ದ ನಾನು ಅಮ್ಮನ ಸೆರಗು ಹಿಡಿದು ಅದನ್ನೆಲ್ಲ ಕೇಳಿಸಿಕೊಂಡಿದ್ದೇನೆ. ಅದನ್ನು ಸುವರ್ಣಕಾಲ ಎಂದು ಕರೆಯುವ ಆಸೆ ನನಗಿಲ್ಲ. 'ಯಾವ ಜನ' ಎಂಬ ಒಂದೇ ಪ್ರಶ್ನೆಗೆ ಎಷ್ಟೋ ಜನರಿಗೆ ಬಾಗಿಲು ಮುಚ್ಚಿದೆ, ಇಂದಿಗೂ ಮುಚ್ಚುತ್ತಿದೆ. ಆದರೆ ಅಲ್ಲಿ ಒಂದು ಸಮತೂಕವಿತ್ತು. ಅಜ್ಜಿ ನಮ್ಮ ವಿಷಯ ತಿಳಿದುಕೊಂಡಂತೆ ನಾವೂ ಅಜ್ಜಿಯ ವಿಷಯವನ್ನು ತಿಳಿದುಕೊಂಡೆವು. ಅವರ ಇಬ್ಬರು ಗಂಡುಮಕ್ಕಳಲ್ಲಿ ಮಾತಿಲ್ಲವೆಂಬುದು ವಾರದೊಳಗೆ ಅಮ್ಮನಿಗೆ ಗೊತ್ತಾಗಿತ್ತು. ಅಜ್ಜಿ ಕೇಳಿಕೊಂಡದ್ದು ಅವರ ತಲೆಯಲ್ಲಿ ಉಳಿಯಿತು, ಹೆಚ್ಚೆಂದರೆ ಬೀದಿಯ ನಲ್ಲಿಯವರೆಗೆ ಹೋಗಿರಬಹುದು. ಈಗ ಕಳಿಸಿದ ಕಾಗದ ಎಲ್ಲಿಯವರೆಗೆ ಹೋಗುತ್ತದೆ ಎಂಬುದು ಕಳಿಸಿದವರಿಗೂ ತಿಳಿಯದು, ಕೇಳಿದವರಿಗೂ ತಿಳಿಯದು.

ಹಳೆಯ ಮನೆಯ ಕರಾರು ಮಾಡಿಸಿದ ದಿನ ಅದನ್ನು ನಾನು ಕಣ್ಣಾರೆ ನೋಡಿದ್ದೆ. ಛಾಪಾಕಾಗದ ತೆಗೆದು ಟೈಪು ಮಾಡಿಕೊಡುವ ಅಂಗಡಿಯವರು ಹೊಸದಾಗಿ ಏನನ್ನೂ ಟೈಪು ಮಾಡಲಿಲ್ಲ. ಹಿಂದೆ ಯಾರಿಗೋ ಮಾಡಿಕೊಟ್ಟ ಕರಾರನ್ನು ತೆರೆದು ಹೆಸರು, ವಿಳಾಸ, ಆಧಾರ್ ಸಂಖ್ಯೆ ಅಳಿಸಿ ನಮ್ಮದನ್ನು ತುಂಬಿದರು. ಅಳಿಸುವ ಮೊದಲು ಆ ಅಪರಿಚಿತರ ಹನ್ನೆರಡು ಅಂಕಿಗಳೂ ಅವರ ತಂದೆಯ ಹೆಸರೂ ನನ್ನ ಎದುರಿಗೇ ಹೊಳೆಯುತ್ತಿದ್ದವು. ಪಕ್ಕದ ಕಿಟಕಿಯಲ್ಲಿ ವಾಟ್ಸಾಪ್ ತೆರೆದಿತ್ತು, ಡೌನ್‌ಲೋಡ್ ಫೋಲ್ಡರಿನಲ್ಲಿ ಸಾಲುಸಾಲು ಆಧಾರ್ ಚಿತ್ರಗಳು. ಸರಿ ಬಾರದ ಜೆರಾಕ್ಸುಗಳು ಮೇಜಿನ ಕೆಳಗಿನ ರಟ್ಟಿನ ಡಬ್ಬಕ್ಕೆ ಬೀಳುತ್ತಿದ್ದವು. ಅಂಗಡಿಯವರು ಕೆಟ್ಟವರಲ್ಲ, ಹತ್ತು ರೂಪಾಯಿ ಚಿಲ್ಲರೆ ಬಿಟ್ಟು ಬಂದರೆ ಕೂಗಿ ಕರೆದು ಕೊಡುವವರು. ಕಾಗದದ ವಿಷಯದಲ್ಲಿ ಮಾತ್ರ ಅವರಿಗೆ ಯಾರೂ ಏನನ್ನೂ ಹೇಳಿಕೊಟ್ಟಿರಲಿಲ್ಲ. ಒಂದು ಸಂಜೆ ಅಮಾನಿಕೆರೆಯ ದಂಡೆಯಲ್ಲಿ ಕೊಂಡ ಕಡಲೆಕಾಯಿಯ ಪೊಟ್ಟಣ ಯಾವುದೋ ವಿದ್ಯಾರ್ಥಿಯ ಉತ್ತರಪತ್ರಿಕೆಯಾಗಿತ್ತೆಂದು ಬಿಚ್ಚಿದ ಮೇಲೆ ಕಂಡು, ಮೇಷ್ಟ್ರ ಮಗಳಾದ ನನಗೆ ಕಡಲೆಕಾಯಿ ರುಚಿಸಿರಲಿಲ್ಲ. ಆ ಡಬ್ಬವನ್ನು ನೋಡಿದಾಗ ಆ ಪೊಟ್ಟಣ ನೆನಪಾಯಿತು.

ಇದು ಬರಿಯ ಅಂಜಿಕೆಯಲ್ಲ. ನೋಂದಣಿಯಾದ ಆಸ್ತಿಪತ್ರಗಳಲ್ಲಿದ್ದ ಆಧಾರ್ ಸಂಖ್ಯೆ ಮತ್ತು ಬೆರಳಚ್ಚುಗಳನ್ನು ಬಳಸಿ, ಆಧಾರ್ ಮೂಲಕ ಹಣ ತೆಗೆಯುವ ವ್ಯವಸ್ಥೆಯಲ್ಲಿ ಖಾತೆಗಳಿಗೆ ಕನ್ನ ಹಾಕಿದ ದೂರುಗಳು ನಮ್ಮ ರಾಜ್ಯದಲ್ಲೇ 2023ರಲ್ಲಿ ಬಂದವು. ಬರಿಯ ಸಂಖ್ಯೆಯಿಂದ ಹಾಗೆ ಹಣ ತೆಗೆಯಲಾಗದು, ಬೆರಳಚ್ಚೂ ಬೇಕು. ಬೆರಳಚ್ಚನ್ನು ಆಧಾರ್ ಜಾಲತಾಣದಲ್ಲಿ ನಾವೇ ಬೀಗ ಹಾಕಿಡಬಹುದು. ಅಮ್ಮನದನ್ನೂ ನನ್ನದನ್ನೂ ಪಟ್ಟಿ ಬಂದ ರಾತ್ರಿಯೇ ಬೀಗ ಹಾಕಿದೆ. ಪಿಂಚಣಿಗೆ ಹೆಬ್ಬೆಟ್ಟು ಒತ್ತುವ ದಿನ ತೆಗೆಯಲು ಮರೆಯಬೇಡ ಎಂದು ಅಮ್ಮ ಮೂರು ಸಲ ಹೇಳಿದರು.

ಕಾಫಿ ಮುಗಿಯುವ ಹೊತ್ತಿಗೆ ಪಟ್ಟಿಯನ್ನು ಬೇರೆ ರೀತಿಯಲ್ಲಿ ಓದತೊಡಗಿದೆ. ಕೊಡುವುದೋ ಬಿಡುವುದೋ ಎಂಬ ಪ್ರಶ್ನೆಯನ್ನು ಪಕ್ಕಕ್ಕಿಟ್ಟು, ಪ್ರತಿಯೊಂದು ಕಾಗದದ ಮುಂದೆ ಇದರಿಂದ ಅವರಿಗೆ ಏನು ತಿಳಿಯಬೇಕಾಗಿದೆ ಎಂದು ಬರೆದೆ. ಬರೆಯುತ್ತ ಹೋದಂತೆ ಅವರಿಗೆ ತಿಳಿಯಬೇಕಾದದ್ದು ಚಿಕ್ಕದು, ಕೇಳಿದ ಕಾಗದ ದೊಡ್ಡದು ಎನ್ನುವುದು ಸಾಲು ಸಾಲಿಗೂ ಕಾಣಿಸಿತು. ನಾನು ಇಂಥವಳೇ ಎಂದು ತಿಳಿಯಬೇಕು. ಬಾಡಿಗೆ ಕೊಡಬಲ್ಲೆನೇ ಎಂದು ತಿಳಿಯಬೇಕು. ಪೊಲೀಸರು ಕೇಳಿದರೆ ಹೇಳಲು ಹೆಸರು, ಊರು ಬೇಕು. ಕರಾರಿನಲ್ಲಿ ಬರೆಯಲು ವಿಳಾಸ ಬೇಕು. ಇಷ್ಟಕ್ಕೆ ಒಂಬತ್ತು ಕಾಗದ ಬೇಕಾಗಿರಲಿಲ್ಲ.

ಮರುದಿನ ಫೋನು ಮಾಡುವ ಬದಲು ಮ್ಯಾನೇಜರಿಗೆ ಮನೆಯ ಬಳಿ ಸಿಗಲು ಹೇಳಿದೆ. ಎದುರಾಎದುರು ಕೂತರೆ ಮನುಷ್ಯ ಮನುಷ್ಯನಾಗಿರುತ್ತಾನೆ, ಸಂದೇಶದಲ್ಲಿ ಅವನೂ ಒಂದು ಫಾರ್ಮೇ ಆಗಿಬಿಡುತ್ತಾನೆ.

"ಎಲ್ರೂ ಕೊಡ್ತಾರೆ ಮೇಡಂ, ನೀವೊಬ್ರೇ ಕೇಳ್ತಿರೋದು," ಎಂದು ಅವರು ಶುರು ಮಾಡಿದರು.

"ಕೊಡಲ್ಲ ಅಂತ ನಾನೆಲ್ಲಿ ಅಂದೆ? ಯಾವುದು ಯಾಕೆ ಅಂತ ಹೇಳಿ, ಅದಕ್ಕೆ ಬೇಕಾದಷ್ಟು ಕೊಡ್ತೀನಿ," ಎಂದೆ.

ಆಧಾರ್ ಯಾಕೆ ಎಂದು ಕೇಳಿದಾಗ ಅವರು ಥಟ್ಟನೆ ಹೇಳಿದ್ದು ಗೃಹಜ್ಯೋತಿಯ ಹೆಸರು. 200 ಯೂನಿಟ್‌ವರೆಗಿನ ಉಚಿತ ವಿದ್ಯುತ್ತಿಗೆ ಮನೆಯ ಮೀಟರಿನ ಖಾತೆಗೆ ಬಾಡಿಗೆದಾರರ ಆಧಾರ್ ಜೋಡಿಸಬೇಕು, ನಿಜ. ಆದರೆ ಆ ಅರ್ಜಿಯನ್ನು ಸೇವಾಸಿಂಧುವಿನಲ್ಲಿ ನಾನೇ ಹಾಕಬಹುದು, ಒಟಿಪಿ ಬರುವುದು ನನ್ನ ಮೊಬೈಲಿಗೇ. ಅದಕ್ಕೆ ಬೇಕಾಗಿದ್ದದ್ದು ನನ್ನ ಆಧಾರ್ ಅವರ ಬಳಿ ಇರುವುದಲ್ಲ, ಆ ಮನೆಯ ಬೆಸ್ಕಾಂ ಬಿಲ್ಲು ನನ್ನ ಬಳಿ ಇರುವುದು. ಅವರು ಬಿಲ್ಲಿನ ಫೋಟೋ ಕಳಿಸಿದರು. ಹಿಂದೆ ಇದ್ದವರ ಆಧಾರ್ ಜೋಡಣೆ ಇನ್ನೂ ತೆಗೆದಿರಲಿಲ್ಲ ಎಂಬುದು ಆಗ ಗೊತ್ತಾಗಿ, ಅವರನ್ನು ಹುಡುಕಿ ತೆಗೆಸಲು ಒಂದು ವಾರ ಹಿಡಿಯಿತು.

ಗುರುತಿಗೆ ನಾನು ಕೊಟ್ಟದ್ದು ಮರೆಮಾಚಿದ ಆಧಾರ್. ಇದನ್ನು ಆಧಾರ್ ಪ್ರಾಧಿಕಾರದ ಜಾಲತಾಣದಿಂದ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಹನ್ನೆರಡು ಅಂಕಿಗಳಲ್ಲಿ ಮೊದಲ ಎಂಟು ಮರೆಯಾಗಿ ಕೊನೆಯ ನಾಲ್ಕು ಮಾತ್ರ ಕಾಣುತ್ತವೆ; ಹೆಸರು, ಫೋಟೋ, ವಿಳಾಸ ಎಲ್ಲ ಇರುತ್ತದೆ. ಅದರ ಕ್ಯೂಆರ್ ಸಂಕೇತವನ್ನು ಪ್ರಾಧಿಕಾರದ ಆಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಅದು ಅಸಲಿಯೋ ನಕಲಿಯೋ ಅಲ್ಲಿಯೇ ತಿಳಿಯುತ್ತದೆ. ಬರಿಯ ಜೆರಾಕ್ಸಿನಿಂದ ಅದೇ ತಿಳಿಯುವುದಿಲ್ಲ. ಯಾರದೋ ಕಾರ್ಡಿಗೆ ಯಾರದೋ ಫೋಟೋ ಅಂಟಿಸಿ ಜೆರಾಕ್ಸ್ ತೆಗೆದರೂ ಮ್ಯಾನೇಜರಿಗೆ ಗೊತ್ತಾಗದು. ಎಂದರೆ ಕಡಿಮೆ ತೋರಿಸುವ ಕಾಗದವೇ ಹೆಚ್ಚು ನಂಬಿಕೆಯದು. ಇದನ್ನು ಅವರ ಫೋನಿನಲ್ಲೇ ಮಾಡಿ ತೋರಿಸಿದೆ. ಅವರಿಗೆ ಖುಷಿಯಾಯಿತು, ಹೊಸ ವಿದ್ಯೆ ಕಲಿತಂತೆ. ಪ್ರತಿಯ ಮೇಲೆ ಅಡ್ಡಲಾಗಿ 'ಬಟವಾಡಿ ಮನೆಯ ಬಾಡಿಗೆ ಕರಾರಿಗೆ ಮಾತ್ರ' ಎಂದು ಬರೆದು, ದಿನಾಂಕ ಹಾಕಿ, ಅಕ್ಷರಗಳು ಫೋಟೋದ ಅಂಚಿಗೆ ತಾಗುವಂತೆ ಸಹಿ ಮಾಡಿದೆ. ಅಕ್ಷರ ಮೂಲೆಯಲ್ಲಿದ್ದರೆ ಕತ್ತರಿಸಿ ಮತ್ತೆ ಜೆರಾಕ್ಸ್ ಮಾಡಬಹುದು ಎಂದು ನಮ್ಮ ಕಾಲೇಜಿನ ಗುಮಾಸ್ತರೊಬ್ಬರು ಹೇಳಿಕೊಟ್ಟಿದ್ದರು.

ಇಲ್ಲಿ ಒಂದು ಹಳೆಯ ಪ್ರಸಂಗ ಹೇಳಬೇಕು. 2022ರ ಮೇ ಕೊನೆಯಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಪ್ರಕಟಣೆ ಹೊರಡಿಸಿ, ಆಧಾರ್ ಜೆರಾಕ್ಸನ್ನು ಯಾರಿಗೂ ಕೊಡಬೇಡಿ, ಮರೆಮಾಚಿದ ಪ್ರತಿ ಬಳಸಿ, ಹೋಟೆಲು ಚಿತ್ರಮಂದಿರಗಳಂಥ ಪರವಾನಗಿಯಿಲ್ಲದ ಖಾಸಗಿಯವರು ಅದನ್ನು ಸಂಗ್ರಹಿಸುವಂತಿಲ್ಲ ಎಂದಿತು. ಎರಡೇ ದಿನದಲ್ಲಿ, ಜನ ತಪ್ಪು ತಿಳಿಯಬಹುದೆಂಬ ಕಾರಣ ಕೊಟ್ಟು ಕೇಂದ್ರ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಸಾಮಾನ್ಯ ಎಚ್ಚರಿಕೆ ವಹಿಸಿದರೆ ಸಾಕು ಎಂದಿತು. ನನ್ನ ಮಟ್ಟಿಗೆ ಆ ಎರಡು ದಿನದ ಮಾತೇ ನೇರವಾಗಿತ್ತು. 'ಸಾಮಾನ್ಯ ಎಚ್ಚರಿಕೆ' ಎಂದರೆ ಏನೆಂದು ಬಿಡಿಸಿ ಹೇಳದೆ ಬಿಟ್ಟಾಗ ಅದರ ಭಾರವೆಲ್ಲ ಮನೆ ಹುಡುಕುತ್ತಿರುವವರ ತಲೆಯ ಮೇಲೆ ಬೀಳುತ್ತದೆ.

ಬ್ಯಾಂಕ್ ಸ್ಟೇಟ್‌ಮೆಂಟಿನ ವಿಷಯಕ್ಕೆ ನಾನು ತುಸು ಹೆಚ್ಚು ಹೊತ್ತು ನಿಂತೆ. ಆಧಾರ್ ಬಗ್ಗೆ ಜನರಿಗೆ ಈಗ ಅಷ್ಟಿಷ್ಟು ಅಳುಕಿದೆ, ಸ್ಟೇಟ್‌ಮೆಂಟನ್ನು ಮಾತ್ರ ಬರಿಯ ಲೆಕ್ಕದ ಹಾಳೆ ಎಂದುಕೊಳ್ಳುತ್ತಾರೆ. ಕಳಿಸುವ ಮುನ್ನ ನನ್ನದನ್ನೇ ಪರಕೀಯಳಂತೆ ಓದಿ ನೋಡಿದೆ. ಹಾಲಿನವರಿಂದ ಹೂವಿನವರವರೆಗೆ ಎಲ್ಲವೂ ಯುಪಿಐ ಆದಮೇಲೆ ಆರು ತಿಂಗಳ ಸ್ಟೇಟ್‌ಮೆಂಟ್ ಎಂದರೆ ಆರು ತಿಂಗಳ ದಿನಚರಿ. ಪ್ರತಿ ತಿಂಗಳು ಒಂದೇ ಔಷಧಿ ಅಂಗಡಿಗೆ ಒಂದೇ ಮೊತ್ತ, ಅದರಿಂದ ಅಮ್ಮನ ಕಾಯಿಲೆ ಊಹಿಸಬಹುದು. ಮನಸ್ಸು ಕುಸಿದಿದ್ದ ದಿನಗಳಲ್ಲಿ ನಾನು ಭೇಟಿಯಾಗುತ್ತಿದ್ದ ವೈದ್ಯರ ಹೆಸರು ಮೂರು ಕಡೆ ಇತ್ತು. ತಂಗಿಗೆ ಗುಟ್ಟಾಗಿ ಕಳಿಸಿದ ಹಣ, ಒಡವೆ ಸಾಲದ ಬಡ್ಡಿ, ಚೀಟಿಯ ಕಂತು, ಮಗನ ಟ್ಯೂಷನ್ನಿನ ವಾರ, ಹೊತ್ತು, ನಾನು ಶನಿವಾರ ಸಂಜೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುವವಳೆಂಬುದು ಸಹ. ನನ್ನ ಒಡಹುಟ್ಟಿದವರಿಗೂ ಗೊತ್ತಿಲ್ಲದಷ್ಟು ಆ ಹಾಳೆಗಳಿಗೆ ಗೊತ್ತಿತ್ತು. ಅವುಗಳಿಂದ ಮ್ಯಾನೇಜರಿಗೆ ತಿಳಿಯಬೇಕಾಗಿದ್ದದ್ದು ತಿಂಗಳಿಗೆ 13,000 ಕೊಡುವ ಶಕ್ತಿ ನನಗಿದೆಯೇ ಎಂಬುದೊಂದೇ.

ಅದಕ್ಕೆ ಬದಲಾಗಿ ಪ್ರಾಂಶುಪಾಲರಿಂದ ನಾನು ಕಾಯಂ ಉಪನ್ಯಾಸಕಿ ಎಂಬ ನಾಲ್ಕು ಸಾಲಿನ ಸೇವಾ ಪ್ರಮಾಣಪತ್ರ ತಂದೆ. ಹಿಂದಿನ ಮನೆಗೆ ಹನ್ನೆರಡು ತಿಂಗಳು ಬಾಡಿಗೆ ಕಟ್ಟಿದ ಯುಪಿಐ ರಸೀದಿಗಳನ್ನಷ್ಟೇ ತೋರಿಸಿದೆ. ಹಿಂದಿನ ಮಾಲೀಕರ ನಂಬರನ್ನು ಕೊಡುವ ಮೊದಲು ಅವರನ್ನೇ ಕೇಳಿದೆ, ಅದು ನನ್ನ ಸೊತ್ತಲ್ಲವಲ್ಲ. ಅವರೇ ಫೋನು ಮಾಡಿ ನನ್ನ ಪರವಾಗಿ ಮಾತಾಡಿದರು. ಪೊಲೀಸ್ ಠಾಣೆಗೆ ಬಾಡಿಗೆದಾರರ ವಿವರ ಕೊಡಬೇಕಾದರೆ ಆ ಫಾರ್ಮನ್ನು ನಾನೇ ತುಂಬಿ, ಜೊತೆಗೆ ಠಾಣೆಗೂ ಬರುತ್ತೇನೆ ಎಂದೆ. ಪ್ಯಾನ್ ಯಾಕೆ ಎಂಬುದಕ್ಕೆ ಅವರ ಬಳಿ ಉತ್ತರವೇ ಇರಲಿಲ್ಲ.

ಪ್ಯಾನ್ ನಿಜಕ್ಕೂ ಬೇಕಾಗಿದ್ದದ್ದು ನನಗೆ. ಹಳೆಯ ತೆರಿಗೆ ಪದ್ಧತಿಯಲ್ಲಿರುವ ನೌಕರರು ಮನೆ ಬಾಡಿಗೆ ಭತ್ಯೆಗೆ ವಿನಾಯಿತಿ ಪಡೆಯಬೇಕಾದರೆ, ವರ್ಷದ ಬಾಡಿಗೆ 1 ಲಕ್ಷ ರೂಪಾಯಿ ಮೀರಿದಲ್ಲಿ ಮಾಲೀಕರ ಪ್ಯಾನ್ ಸಂಖ್ಯೆಯನ್ನು ಕಚೇರಿಗೆ ಒಪ್ಪಿಸಬೇಕು. ನಮ್ಮದು 1,56,000. ಮಾಲೀಕರ ಪ್ಯಾನ್ ಕೊಡಿಸಿ ಎಂದೆ. ಮ್ಯಾನೇಜರ್ ಹೌಹಾರಿದರು. "ಅಯ್ಯೋ ಮೇಡಂ, ಪ್ಯಾನೆಲ್ಲಾ ಹೇಗೆ ಕೊಡೋದು? ಅದು ಪರ್ಸನಲ್ ಅಲ್ವಾ?" ಎಂದರು. ಒಂದು ಕ್ಷಣ ಇಬ್ಬರೂ ಸುಮ್ಮನಿದ್ದೆವು, ಆಮೇಲೆ ನಕ್ಕವರು ಅವರೇ ಮೊದಲು. ಮಾತು ಹಗುರಾದ ಆ ಹೊತ್ತಿನಲ್ಲೇ ಇನ್ನೂ ಎರಡು ಕೇಳಿದೆ. ಅವರು ಮಾಲೀಕರ ಪರವಾಗಿ ಹಣ ಪಡೆಯಲು ಅಧಿಕಾರವಿರುವವರೆಂಬ ಪತ್ರ ಒಂದು, ಮನೆಯ ಇತ್ತೀಚಿನ ಕಂದಾಯ ರಸೀದಿ ಇನ್ನೊಂದು. ಮುಂಗಡವನ್ನು ಯಾರದೋ ಕೈಗೆ ಕೊಟ್ಟು ಆಮೇಲೆ ಮನೆಯೇ ಅವರದಲ್ಲವೆಂದು ತಿಳಿದ ಕತೆಗಳು ಊರಲ್ಲಿ ಕಡಿಮೆ ಇಲ್ಲ. ಗುರುತು ತೋರಿಸುವ ಕೆಲಸ ಬಾಡಿಗೆದಾರರದ್ದು ಮಾತ್ರ ಎಂದು ನಾವೇಕೆ ಒಪ್ಪಿಕೊಂಡಿದ್ದೇವೋ.

ಜಾತಿಯ ಅಂಕಣವನ್ನು ಖಾಲಿ ಬಿಟ್ಟೆ. ಅದರಲ್ಲಿ ನನ್ನ ಹೆಚ್ಚುಗಾರಿಕೆಯೇನೂ ಇಲ್ಲ. ನನ್ನ ಹೆಸರು, ಅಮ್ಮನ ಹೆಸರು, ಅವರ ಹಣೆಯ ವಿಭೂತಿ ನೋಡಿದ ಮೇಲೆ ಆ ಅಂಕಣ ತುಂಬಿದಂತೆಯೇ ಇತ್ತು. ಖಾಲಿ ಬಿಟ್ಟರೆ ಮನೆ ತಪ್ಪುವವರು ಬೇರೆಯವರು, ತುಂಬಿದರೆ ತಪ್ಪುವವರೂ ಅವರೇ.

ಉಳಿದದ್ದು ವಿಚ್ಛೇದನದ ಆದೇಶ. ಹಿಂದೂ ವಿವಾಹ ಕಾಯ್ದೆಯ 22ನೇ ಕಲಮು ಇಂಥ ಮೊಕದ್ದಮೆಗಳ ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ ನಡೆಯಬೇಕೆಂದೂ, ಅಲ್ಲಿ ನಡೆದದ್ದನ್ನು ಯಾರೂ ಅಚ್ಚು ಹಾಕಿ ಪ್ರಕಟಿಸಬಾರದೆಂದೂ ಹೇಳುತ್ತದೆ. ನಮ್ಮ ದಿನ ಬಂದಾಗ ಸಂಬಂಧವಿಲ್ಲದವರನ್ನು ಹೊರಗೆ ಕಳಿಸಿ ಬಾಗಿಲು ಹಾಕಿದ್ದು ನನಗೆ ಚೆನ್ನಾಗಿ ನೆನಪಿದೆ. ನ್ಯಾಯಾಧೀಶರು ಅಷ್ಟು ಜೋಪಾನವಾಗಿ ಕೇಳಿದ ಮಾತುಗಳಿರುವ ಪುಟಗಳು ನಲವತ್ತು ಮನೆಗಳ ಕಾಗದಗಳಿರುವ ಫೋನಿನಲ್ಲಿ, ನಲ್ಲಿ ರಿಪೇರಿಯ ಫೋಟೋಗಳ ನಡುವೆ ಬಿದ್ದಿರುವುದನ್ನು ಕಲ್ಪಿಸಿಕೊಂಡೆ. "ಅದನ್ನ ಕೊಡೋದಿಲ್ಲ," ಎಂದಷ್ಟೇ ಹೇಳಿದೆ. ಕಾಯ್ದೆಯ ಮಾತು ಎತ್ತಲಿಲ್ಲ. ಉಳಿದ ಎಂಟಕ್ಕೂ ಬದಲಿ ಹುಡುಕಿದ್ದೆ, ಇದಕ್ಕೆ ಬದಲಿ ಕೊಡುವ ಮನಸ್ಸೂ ಇರಲಿಲ್ಲ. ಅಲ್ಲಿಯವರೆಗೆ ಬಾಯಿ ಬಿಡದೆ ಕಿಟಕಿಯ ಬಳಿ ನಿಂತಿದ್ದ ಅಮ್ಮ, "ಏನಪ್ಪಾ, ನಿನ್ನ ಅಕ್ಕ ಆಗಿದ್ರೆ ಕೇಳ್ತಿದ್ಯಾ?" ಎಂದುಬಿಟ್ಟರು. ಅವರು ತಲೆ ತಗ್ಗಿಸಿ, "ಓನರ್ ಲಿಸ್ಟ್ ಅಲ್ಲಮ್ಮ ಇದು, ಬೆಂಗಳೂರಲ್ಲಿ ಒಬ್ರು ಕಳಿಸಿದ್ರು, ನಾನು ಎಲ್ರಿಗೂ ಅದನ್ನೇ ಫಾರ್ವರ್ಡ್ ಮಾಡ್ತೀನಿ," ಎಂದರು. ಹಿಂದಿನ ರಾತ್ರಿ ನನ್ನ ನಿದ್ದೆ ಕೆಡಿಸಿದ ಪಟ್ಟಿಯನ್ನು ಬರೆದವರು ಆ ಮನೆಗೆ ಸಂಬಂಧಪಟ್ಟವರೇ ಆಗಿರಲಿಲ್ಲ.

ಕಾನೂನು ಇದ್ದೂ ನಾನು ಅದರ ಆಸರೆ ಪಡೆಯಲಿಲ್ಲವೇಕೆ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದ ಮೊಕದ್ದಮೆಗೆ ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರೇ ಇದೆ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಯಾವ ಉದ್ದೇಶಕ್ಕೆ ಮಾಹಿತಿ ಕೇಳುತ್ತಿದ್ದೇವೆಂದು ತಿಳಿಸಬೇಕು, ಕೇಳಿದರೆ ಆ ತಿಳಿವಳಿಕೆ ಪತ್ರವನ್ನು ಕನ್ನಡದಲ್ಲೂ ಕೊಡಬೇಕು, ಉದ್ದೇಶ ಮುಗಿದ ಮೇಲೆ ಅಳಿಸಬೇಕು ಎಂದೆಲ್ಲ ಅದರಲ್ಲಿದೆ. ಆದರೆ ನಾನು ಮನೆ ಬದಲಿಸುವಾಗ ಅದರ ನಿಯಮಗಳೇ ಬಂದಿರಲಿಲ್ಲ. 2025ರ ನವೆಂಬರಿನಲ್ಲಿ ಬಂದವು, ಮುಖ್ಯ ಹೊಣೆಗಳು ಜಾರಿಯಾಗಲು ಮತ್ತೆ 18 ತಿಂಗಳ ಗಡುವು. ಡಿಜಿಟಲ್ ರೂಪಕ್ಕೆ ಬಂದ ಮಾಹಿತಿಗೆ ಮಾತ್ರ ಅದು ಅನ್ವಯ. ಮೇಜಿನ ಕೆಳಗಿನ ರಟ್ಟಿನ ಡಬ್ಬಕ್ಕೆ ಅದರ ಕಾವಲಿಲ್ಲ. ಮನೆಯ ಹೊಸ್ತಿಲಲ್ಲಿ ನಿಂತು ಕಾಯ್ದೆ ಓದಿದರೆ ಎದುರಿನವರಿಗೆ ಕೇಳಿಸುವುದು ಜಗಳವೊಂದೇ, ಜಗಳಗಂಟಿಗೆ ಮನೆ ಕೊಡುವವರಾರು?

ಹನ್ನೊಂದು ತಿಂಗಳ ಕರಾರಾಯಿತು. ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯವಾದ್ದರಿಂದ ಎಲ್ಲರೂ ಬರೆಸುವುದು ಅಷ್ಟಕ್ಕೇ. ಕೊನೆಯಲ್ಲಿ ಒಂದು ಸಾಲು ಸೇರಿಸಿ ಎಂದೆ: ಬಾಡಿಗೆದಾರರು ಕೊಟ್ಟ ಗುರುತಿನ ಪ್ರತಿಗಳನ್ನು ಈ ಕರಾರಿಗಲ್ಲದೆ ಬೇರೆಗೆ ಬಳಸತಕ್ಕದ್ದಲ್ಲ, ಮನೆ ಖಾಲಿ ಮಾಡಿದಾಗ ಹಿಂದಿರುಗಿಸತಕ್ಕದ್ದು. ಟೈಪು ಮಾಡುವವರು ಇಂಥ ಸಾಲು ಇದೇ ಮೊದಲು ಎಂದರು. ಈಗ ಅವರ ಮುಂದಿನ ಗಿರಾಕಿಗಳ ಕರಾರುಗಳಲ್ಲೂ ಅದು ತಾನಾಗಿ ಉಳಿದುಕೊಂಡಿರುತ್ತದೆ ಎಂದು ನನ್ನ ನಂಬಿಕೆ. ಹಳೆಯದನ್ನೇ ತೆರೆದು ತಿದ್ದುವ ಅಭ್ಯಾಸದಿಂದ ಅಷ್ಟಾದರೂ ಉಪಕಾರವಾಗಲಿ.

ನನ್ನ ಮಾತು ನಡೆಯಿತೆಂದು ನಾನು ಬೀಗುವಂತಿಲ್ಲ. ನನಗೆ ಕಾಯಂ ಕೆಲಸವಿದೆ, ಪರವಾಗಿ ಮಾತಾಡಲು ಹಳೆಯ ಮಾಲೀಕರಿದ್ದರು, ಊರಿನ ಭಾಷೆ ನನ್ನದು. ನಮ್ಮ ಕೆಳಗಿನ ಮನೆಯಲ್ಲಿ ಕಾರ್ಖಾನೆಗೆ ಹೋಗುವ ನಾಲ್ವರು ಹುಡುಗರಿದ್ದಾರೆ, ಬೇರೆ ರಾಜ್ಯದವರು. ಅವರ ಅಸಲಿ ಆಧಾರ್ ಕಾರ್ಡುಗಳನ್ನೇ ಮ್ಯಾನೇಜರ್ ಇಸಿದುಕೊಂಡು ಎರಡು ವಾರ ಇಟ್ಟುಕೊಂಡಿದ್ದರೆಂದು ಆಮೇಲೆ ತಿಳಿಯಿತು. ಕೇಳಿದರೆ ಮನೆ ಹೋಗುತ್ತದೆಂದು ಅವರು ಕೇಳಿರಲಿಲ್ಲ. ನಾನು ಹೇಳಿದ ಮೇಲೆ ಕಾರ್ಡುಗಳು ವಾಪಸಾದವು, ಮ್ಯಾನೇಜರ್ ಬೇಸರಪಟ್ಟುಕೊಳ್ಳಲೂ ಇಲ್ಲ. ಅವುಗಳನ್ನು ಇಟ್ಟುಕೊಂಡದ್ದೇ ಅವರಿಗೆ ಮರೆತುಹೋಗಿತ್ತು.

ಹೋದ ತಿಂಗಳು ರಾತ್ರಿ ಒಂಬತ್ತರ ಹೊತ್ತಿಗೆ ಅವರಿಂದ ನನಗೆ ಎರಡು ಚಿತ್ರ ಬಂದವು. ಯಾರೋ ಹೆಂಗಸಿನ ಆಧಾರ್, ಎರಡೂ ಬದಿ, ಹನ್ನೆರಡೂ ಅಂಕಿ. ನನಗಿಂತ ನಾಲ್ಕು ವರ್ಷ ಚಿಕ್ಕವರು, ಶಿರಾ ಕಡೆಯ ವಿಳಾಸ. ಫೋನು ಮಾಡಿದೆ. "ಸಾರಿ ಮೇಡಂ, ಓನರ್‌ಗೆ ಕಳ್ಸೋದು ಕೈತಪ್ಪಿ ನಿಮಗೆ ಬಂತು. ಇವರಿಗೂ ನೀವು ಕೊಟ್ರಲ್ಲ, ಆ ನಾಲ್ಕು ನಂಬರಿಂದೇ ಕೇಳ್ಬೇಕು ಅಂದ್ಕೊಂಡೆ, ಅರ್ಜೆಂಟಲ್ಲಿ ಮರೆತೆ," ಎಂದರು. ಈಗ ಕೇಳಿ, ಇದನ್ನು ಅಳಿಸಿ ಎಂದೆ. ಅವರು ಅಳಿಸಿದರು. ಸಂದೇಶ ಹೋಯಿತು, ಆದರೆ ಚಿತ್ರಗಳು ಆಗಲೇ ನನ್ನ ಗ್ಯಾಲರಿಗೆ ಇಳಿದಿದ್ದವು. ಅಲ್ಲಿಂದ ತೆಗೆದೆ. ತೆಗೆದವು ಕಸದ ಬುಟ್ಟಿಯಲ್ಲಿ ಇನ್ನೂ 30 ದಿನ ಇರುತ್ತವೆ ಎಂದು ಫೋನು ತಿಳಿಸಿತು. ಬುಟ್ಟಿಯನ್ನು ತೆರೆದು ಅಲ್ಲಿಂದಲೂ ಅಳಿಸಿದೆ.